ಬಂದೂಕು ಘಟನೆಗಳಿಗೆ ಜಿಲ್ಲೆಯಲ್ಲಿ ಒಂದೇ ವಹಿ ಇರಲಿ: ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ದಂಡಾಧಿಕಾರಿಗಳು, ರಾಯಚೂರು

ಪ್ರತಿ: ಮಾನ್ಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ರಾಯಚೂರು

ವಿಷಯ: ಬಂದೂಕು ಬಳಕೆಯ ಘಟನೆಗಳ ಮಾಹಿತಿ ಸಂಗ್ರಹಿಸಿ ಪ್ರತಿವರ್ಷ ಪ್ರಕಟಿಸುವ ಕುರಿತು

ಮಾನ್ಯರೇ,

1959ರ ಆಯುಧ ಕಾಯ್ದೆಯಡಿ ಈ ಜಿಲ್ಲೆಯಲ್ಲಿ ಬಂದೂಕಿನ ಪರವಾನಗಿ ಕೊಡುವ, ರದ್ದುಪಡಿಸುವ ಅಧಿಕಾರ ತಮ್ಮದು. ಪರವಾನಗಿದಾರರ ವಿವರ ತಮ್ಮ ಕಚೇರಿಯಲ್ಲೂ ಕೇಂದ್ರದ ದತ್ತಾಂಶದಲ್ಲೂ ಇದೆ. ಆ ಬಂದೂಕುಗಳಿಂದಲೋ ಪರವಾನಗಿಯೇ ಇಲ್ಲದ ನಾಡಬಂದೂಕುಗಳಿಂದಲೋ ಏನೇನು ನಡೆಯಿತು ಎಂಬ ಲೆಕ್ಕ ಮಾತ್ರ ಚದುರಿಹೋಗುತ್ತದೆ.

ಗುಂಡು ತಗುಲಿದವರು ಬದುಕಿದರೆ ಕೊಲೆ ಯತ್ನ, ಸತ್ತರೆ ಕೊಲೆ, ಬಂದೂಕು ಒರೆಸುವಾಗ ಕೈತಪ್ಪಿ ಹಾರಿ ಸತ್ತರೆ ಯುಡಿಆರ್ (ಅಸಹಜ ಸಾವಿನ ವರದಿ). ಬೇಟೆಯಾದರೆ ಕಡತ ಅರಣ್ಯ ಇಲಾಖೆಗೆ. ರಿಮ್ಸ್ ಆಸ್ಪತ್ರೆಗೆ ಬಂದ ಗಾಯಾಳು ಅಲ್ಲಿನ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ವಹಿಗೆ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಅತಿ ಗಂಭೀರವಾದದ್ದನ್ನಷ್ಟೇ ಎಣಿಸುತ್ತದೆ. ಹೀಗಾಗಿ ಪಿಸ್ತೂಲಿನಿಂದಾದ ಕೊಲೆ ಆಯುಧ ಕಾಯ್ದೆಯ ಅಂಕಿಯಲ್ಲಿ ಕಾಣುವುದೇ ಇಲ್ಲ.

ದಾಖಲೆ ಇದ್ದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ನೋವಿನಿಂದಲೇ ಕಂಡಿದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯಾದರು. ಎರಡೂ ಕಡೆ ಸಿಕ್ಕ ಗುಂಡು, ತೋಟಾಗಳನ್ನು ಹೋಲಿಸಿದ ವಿಧಿವಿಜ್ಞಾನ ಪ್ರಯೋಗಾಲಯ, ಬಳಸಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಎಂದಿತು. ಹಳೆಯ ತೋಟಾ ಜೋಪಾನವಾಗಿ ಇದ್ದುದರಿಂದ ಆದ ಕೆಲಸವಿದು. ಬಂದೂಕು ಹಿಡಿದವರಿಗೆ ರಾಜ್ಯದ ಗಡಿಯೂ ಅಡ್ಡಿಯಲ್ಲ: 2025ರ ಜನವರಿ 16ರಂದು ಬೀದರಿನಲ್ಲಿ ಎಟಿಎಂ ಹಣ ಸಾಗಿಸುತ್ತಿದ್ದವರ ಮೇಲೆ ಗುಂಡು ಹಾರಿಸಿದವರು ಅದೇ ದಿನ ಹೈದರಾಬಾದಿನಲ್ಲೂ ಗುಂಡು ಹಾರಿಸಿದರು. ತೆಲಂಗಾಣ, ಆಂಧ್ರ ಎರಡಕ್ಕೂ ಅಂಟಿಕೊಂಡಿರುವ ರಾಯಚೂರು ಇದನ್ನು ದೂರದ ಸುದ್ದಿಯೆಂದು ಬಿಡಲಾಗದು.

ಆದ್ದರಿಂದ ರಾಯಚೂರು ನಗರ, ದೇವದುರ್ಗ, ಮಾನ್ವಿಯ ಠಾಣೆಗಳಿಂದಲೇ ಆರಂಭಿಸಿ ಜಿಲ್ಲೆಗೊಂದು ವಹಿ ತೆರೆಯಬೇಕು. ಘಟನೆ ನಡೆದ ದಿನ, ಹೊತ್ತು, ಠಾಣೆ. ಬಂದೂಕು ಪರವಾನಗಿಯದೋ, ನಾಡಬಂದೂಕೋ, ಏರ್‌ಗನ್ನೋ. ಕಾರಣ ಜಗಳವೋ, ಬೇಟೆಯೋ, ಆತ್ಮಹತ್ಯೆಯೋ, ಅಚಾತುರ್ಯವೋ. ತೋಟಾ ಪ್ರಯೋಗಾಲಯಕ್ಕೆ ಹೋಯಿತೇ, ಪ್ರಕರಣ ಏನಾಯಿತು ಎಂಬಿಷ್ಟು ಅದರಲ್ಲಿರಲಿ. ಯಾರಿಗೂ ತಾಗದ ಗುಂಡನ್ನೂ ಬರೆದುಕೊಳ್ಳಬೇಕು. ಜನರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು 2019ರ ತಿದ್ದುಪಡಿ ಹೇಳಿದೆ. ಅದರಡಿ ಇಲ್ಲಿ ಎಷ್ಟು ಪ್ರಕರಣ ದಾಖಲಾಗಿವೆ ಎಂಬುದನ್ನೂ ತಿಳಿಸಬೇಕು.

ಪ್ರಕಟಣೆಯಲ್ಲಿ ಹೆಸರು, ವಿಳಾಸ ಬೇಡವೇ ಬೇಡ. ಯಾವ ಮನೆಯಲ್ಲಿ ಬಂದೂಕಿದೆ ಎಂಬ ಪಟ್ಟಿ ಕಳ್ಳರಿಗಷ್ಟೇ ಉಪಯೋಗ.

ಬೆಳೆ ಕಾಯಲು ಮದ್ದು ತುಂಬುವ ಬಂದೂಕಿಗೆ ಕಾಯ್ದೆಯೇ ಅವಕಾಶ ಕೊಟ್ಟಿದೆ. ಹಂದಿ ಕಾಟಕ್ಕೆ ಅದನ್ನಿಟ್ಟುಕೊಂಡ ರೈತನನ್ನು ಅನುಮಾನದಿಂದ ನೋಡುವುದು ನಮ್ಮ ಉದ್ದೇಶವಲ್ಲ. ಚುನಾವಣೆ ಬಂದಾಗ ಠಾಣೆಗೆ ಬಂದೂಕು ಒಪ್ಪಿಸಿ ಚೀಟಿ ಪಡೆಯುವವನು ಅವನೇ; ನಾಡ ಪಿಸ್ತೂಲಿನವನು ಆ ಸಾಲಿನಲ್ಲಿ ನಿಲ್ಲುವುದಿಲ್ಲ. ಯಾರ ಆಯುಧ ಠೇವಣಿ ಇಡಿಸಬೇಕು, ಯಾರದು ಬೇಡ ಎಂದು ಪರಿಶೀಲನಾ ಸಮಿತಿ ತೀರ್ಮಾನಿಸುವಾಗ ಈ ವಹಿ ಮುಂದಿರಬೇಕು. ಪರವಾನಗಿ ನವೀಕರಣದಲ್ಲೂ ಅಷ್ಟೇ.

ವಾರ್ಷಿಕ ಅಂಕಿಅಂಶವನ್ನು ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನಂತೆ, ಯಾರೂ ಅರ್ಜಿ ಹಾಕುವ ಮೊದಲೇ, ಜಿಲ್ಲಾ ಜಾಲತಾಣದಲ್ಲಿ ಕನ್ನಡದಲ್ಲಿ ಹಾಕಬೇಕು. ಪೊಲೀಸ್, ಅರಣ್ಯ, ಆರೋಗ್ಯ ಇಲಾಖೆಗಳ ಜಂಟಿ ಸಭೆ ಕರೆದು, ವಹಿಯ ನಮೂನೆ ಅಂತಿಮಗೊಳಿಸುವ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ರಾಯಚೂರು ನಗರ, ದೇವದುರ್ಗ ಹಾಗೂ ಮಾನ್ವಿಯ ನಾಗರಿಕರು