ಮಂಡಿನೋವಿನ ಮೊದಲ ಪರೀಕ್ಷೆ ಯಾರಿಂದ?

ಇಷ್ಟಲಿಂಗ ಪೂಜೆಗೆ ನೆಲದ ಮೇಲೆ ಕುಳಿತುಕೊಳ್ಳುತ್ತಿದ್ದ ಹಿರಿಯರು ಕುರ್ಚಿಯನ್ನು ಅರಸುವುದು, ದಾಸೋಹದ ಪಂಕ್ತಿಯಿಂದ ಏಳುವಾಗ ಪಕ್ಕದವರ ಕೈಯನ್ನು ಆಶ್ರಯಿಸುವುದು ಇಂದು ಸಾಮಾನ್ಯ ನೋಟ. ನೋವು ಹೆಚ್ಚಾದೊಡನೆ ನಾವು ಮೂಳೆತಜ್ಞರ ಬಾಗಿಲಿಗೆ ಹೋಗುತ್ತೇವೆ. ಅಲ್ಲಿ ಮೂಳೆ ಮುರಿದವರೂ ಮಂಡಿ ಸವೆದವರೂ ಒಂದೇ ಸಾಲಿನಲ್ಲಿ ಕಾಯುತ್ತಾರೆ. ಗಂಟೆಗಟ್ಟಲೆ ಕಾದವರಿಗೆ ದೊರೆಯುವುದು ವೈದ್ಯರ ಕೆಲವೇ ನಿಮಿಷಗಳು.

ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳು ಈ ಸಾಲನ್ನು ಬೇರೆ ರೀತಿಯಲ್ಲಿ ವಿಂಗಡಿಸಿಕೊಂಡಿವೆ. ಅಲ್ಲಿ ಹೆಚ್ಚಿನ ತರಬೇತಿ ಪಡೆದ ಫಿಸಿಯೋಥೆರಪಿಸ್ಟರು ಮೂಳೆ-ಕೀಲು ವಿಭಾಗದ ಅನೇಕ ರೋಗಿಗಳನ್ನು ತಾವೇ ಮೊದಲು ಪರೀಕ್ಷಿಸುತ್ತಾರೆ. ಅಗತ್ಯವಿದ್ದವರನ್ನು ಎಕ್ಸ್‌ರೇ, ಸ್ಕ್ಯಾನಿಂಗ್‌ಗೆ ಕಳುಹಿಸುತ್ತಾರೆ. ಶಸ್ತ್ರಚಿಕಿತ್ಸೆ ಬೇಕೆನಿಸಿದವರನ್ನು ಶಸ್ತ್ರವೈದ್ಯರಿಗೆ ಒಪ್ಪಿಸುತ್ತಾರೆ. ಅರ್ಹತೆ ಪಡೆದವರಿಗೆ ಸ್ವತಂತ್ರವಾಗಿ ಔಷಧಿ ಬರೆದುಕೊಡುವ ಅಧಿಕಾರವನ್ನೂ 2013ರಲ್ಲಿ ಅಲ್ಲಿಯ ಕಾನೂನು ನೀಡಿತು.

ನಮ್ಮ ದೇಶದಲ್ಲಿಯೂ 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ವೃತ್ತಿಪರರ ಆಯೋಗ ಕಾಯ್ದೆಯು ಫಿಸಿಯೋಥೆರಪಿಸ್ಟರು ರೋಗಿಯನ್ನು ಸಮಗ್ರವಾಗಿ ಪರೀಕ್ಷಿಸಿ, ಸ್ವತಂತ್ರವಾಗಿಯಾಗಲಿ ತಂಡದೊಡನೆಯಾಗಲಿ ವೃತ್ತಿ ನಡೆಸಬಹುದೆಂದು ಹೇಳಿದೆ. ಆದರೂ ಶಸ್ತ್ರಚಿಕಿತ್ಸೆಯ ನಂತರ ಕೈಕಾಲು ಆಡಿಸುವವರು ಎಂಬಷ್ಟಕ್ಕೇ ನಾವು ಅವರನ್ನು ಸೀಮಿತಗೊಳಿಸಿದ್ದೇವೆ. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮಂಡಿ, ಸೊಂಟ, ಭುಜಗಳ ನೋವಿನ ಮೊದಲ ಪರೀಕ್ಷೆಯ ಹೊಣೆಯನ್ನು ಅವರಿಗೆ ವಹಿಸುವುದು ಉಚಿತವೆಂದು ನನ್ನ ಅಭಿಪ್ರಾಯ.

ಇದಕ್ಕೆ ಕಾರಣವಿದೆ. ಮಂಡಿ ಸವೆತದ ಮುಖ್ಯ ಚಿಕಿತ್ಸೆ ಶಸ್ತ್ರವಲ್ಲ. ವ್ಯಾಯಾಮ ಮತ್ತು ತೂಕದ ಹತೋಟಿ. ತೊಡೆಯ ಸ್ನಾಯುಗಳು ಬಲಗೊಂಡಂತೆ ಕೀಲಿಗೆ ಆಧಾರ ದೊರೆತು ನೋವು ತಗ್ಗುತ್ತದೆ. ಇದನ್ನು ಆಯಾ ದೇಹಕ್ಕೆ ತಕ್ಕಂತೆ ಕಲಿಸಬಲ್ಲವರು ಫಿಸಿಯೋಥೆರಪಿಸ್ಟರೇ. ಆಗ ಶಸ್ತ್ರವೈದ್ಯರ ಸಮಯ ನಿಜವಾಗಿ ಶಸ್ತ್ರಚಿಕಿತ್ಸೆ ಬೇಕಾದವರಿಗೆ ಉಳಿಯುತ್ತದೆ.

ಆತಂಕವೂ ನ್ಯಾಯವಾದುದೇ. ಸಾಮಾನ್ಯವೆಂದು ತೋರುವ ನೋವಿನ ಹಿಂದೆ ಸೋಂಕು ಅಥವಾ ಗಡ್ಡೆ ಇರಬಹುದು. ಸೊಂಟನೋವಿನೊಡನೆ ಮೂತ್ರದ ಹಿಡಿತ ತಪ್ಪಿದರೆ, ಕಾಲು ಬಲಹೀನವಾದರೆ, ಕೀಲು ಊದಿ ಬಿಸಿಯಾಗಿ ಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಲೇಬೇಕು. ಆದುದರಿಂದ ಇಂಥ ಲಕ್ಷಣಗಳನ್ನು ಗುರುತಿಸುವ ವಿಶೇಷ ತರಬೇತಿ, ಲಿಖಿತ ನಿಯಮಾವಳಿ, ಅದೇ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರ ಬೆಂಬಲ ಇವು ಮೂರೂ ಇಲ್ಲದೆ ಈ ಹೊಣೆಯನ್ನು ವಹಿಸಬಾರದು. ಕೇವಲ ಖರ್ಚು ಉಳಿಸಲು ಇದನ್ನು ಜಾರಿಗೆ ತಂದರೆ ಅದರ ಬೆಲೆ ತೆರುವವನು ಬಡರೋಗಿ.

ಕೊನೆಯದಾಗಿ ನಮ್ಮ ಮನೋಭಾವದ ಮಾತು. "ಡಾಕ್ಟರು ನೋಡಲೇ ಇಲ್ಲ, ವ್ಯಾಯಾಮ ಮಾಡಿ ಎಂದು ಕಳುಹಿಸಿಬಿಟ್ಟರು" ಎಂದು ನಾವು ನೊಂದುಕೊಳ್ಳುತ್ತೇವೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರ ಪರಂಪರೆಯವರಾದ ನಾವು, ಚಿಕಿತ್ಸೆ ನೀಡುವ ಕೈಗಳಲ್ಲಿ ಮೇಲುಕೀಳನ್ನು ಎಣಿಸುವುದು ತರವೇ? ಮಾತ್ರೆಯನ್ನು ಇನ್ನೊಬ್ಬರು ತಂದುಕೊಡಬಹುದು, ವ್ಯಾಯಾಮವನ್ನು ಮಾತ್ರ ನಾವೇ ಮಾಡಬೇಕು. ಅದು ದಿನವೂ ತಪ್ಪದೆ ನಡೆಸಬೇಕಾದ ನಮ್ಮದೇ ಕಾಯಕ.