ನಿಲ್ಲಿಸಿದ ಗಾಡಿಯಲ್ಲಿ ಎಸಿ ಹಾಕಿ ಮಲಗಿದರೆ ಸಾವು: ಕಾರಣ ಎಸಿ ಗ್ಯಾಸಾ, ಆಮ್ಲಜನಕದ ಕೊರತೆಯಾ?

ಬೇಸಿಗೆ ರಜೆ, ಮದುವೆ, ಜಾತ್ರೆಗಳ ದಿನ ಹತ್ತಿರ ಬಂದಂತೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಮತ್ತೆ ಮತ್ತೆ ಬರುತ್ತದೆ. ನಿಲ್ಲಿಸಿದ ವಾಹನದಲ್ಲಿ ಎಸಿ ಹಾಕಿಕೊಂಡು ಮಲಗಿದರೆ ಎಸಿಯ ಗ್ಯಾಸ್ ಸೋರಿ ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ ಎನ್ನುವುದು ಅದರ ಒಂದು ರೂಪ. ಕಿಟಕಿ ಮುಚ್ಚಿರುವುದರಿಂದ ಆಮ್ಲಜನಕ ಖಾಲಿಯಾಗುತ್ತದೆ ಎನ್ನುವುದು ಇನ್ನೊಂದು ರೂಪ. ಗಾಜನ್ನು ಎರಡು ಬೆರಳಷ್ಟು ಇಳಿಸಿ ಮಲಗಿ, ಏನೂ ಆಗುವುದಿಲ್ಲ ಎಂಬ ಸಲಹೆಯೂ ಜೊತೆಗಿರುತ್ತದೆ. ಇದರಲ್ಲಿ ಅಪಾಯ ನಿಜ, ಹೇಳಿದ ಕಾರಣ ತಪ್ಪು. ಕಾರಣ ತಪ್ಪಾದ್ದರಿಂದ ಆ ಸಲಹೆಯನ್ನು ನಂಬಿ ಮಲಗುವುದೂ ಅಪಾಯವೇ.

ಈಗ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಹಾಸಿಗೆ, ಒಲೆ, ಶೌಚಾಲಯ ಇರುವ ಕ್ಯಾರವಾನ್‌ಗಳು ಈಗ ಬಾಡಿಗೆಗೆ ಸಿಗುತ್ತವೆ, ಅವುಗಳ ರೀಲ್ಸ್ ಎಲ್ಲರ ಮೊಬೈಲಿನಲ್ಲೂ ಓಡುತ್ತಿವೆ. ಬೆಂಗಳೂರಿನಿಂದ ಬೀದರ್‌ಗೆ ರಸ್ತೆಯಲ್ಲಿ ಸುಮಾರು 700 ಕಿ.ಮೀ. ಮಂಡಿನೋವಿನ ಅಜ್ಜಿ, ಸಣ್ಣ ಮಕ್ಕಳು, ಸಕ್ಕರೆ ಕಾಯಿಲೆಯ ಅಪ್ಪ ಎಲ್ಲರನ್ನೂ ಕೂರಿಸಿಕೊಂಡು ಅಷ್ಟು ದೂರ ಹೋಗುವವರಿಗೆ ಇಂಥ ಗಾಡಿ ಆಕರ್ಷಕವಾಗಿ ಕಂಡರೆ ಆಶ್ಚರ್ಯವಿಲ್ಲ. ಊರು ಮುಟ್ಟಿದ ಮೇಲೂ ಅದು ಉಪಯೋಗಕ್ಕೆ ಬರುತ್ತದೆ. ಪಂಚಮಿಗೆ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಾಗ ಭಾಲ್ಕಿಯ ಮನೆಯಲ್ಲಾಗಲಿ, ಔರಾದ್ ಕಡೆಯ ಹಳ್ಳಿ ಮನೆಯಲ್ಲಾಗಲಿ ಎಲ್ಲರಿಗೂ ಮಲಗಲು ಜಾಗ ಸಾಲದು. ಗಾಡಿ ಬಾಗಿಲ ಮುಂದೆಯೇ ನಿಂತಿರುತ್ತದೆ, ನಾಲ್ಕು ಮಂದಿ ಅದರಲ್ಲೇ ಮಲಗುತ್ತಾರೆ.

ಹಾಗೆ ನೋಡಿದರೆ ಚಕ್ರದ ಮೇಲಿನ ಮನೆ ಬೀದರ್ ಜಿಲ್ಲೆಗೆ ಹೊಸದಲ್ಲ. ಗುರುನಾನಕ್ ಝೀರಾಕ್ಕೆ ಬರುವ ಯಾತ್ರಿಕರ ಎಷ್ಟೋ ವಾಹನಗಳಲ್ಲಿ ಹಾಸಿಗೆ, ಪಾತ್ರೆ, ಒಲೆ ಎಲ್ಲವೂ ಇರುತ್ತವೆ. ಭಾಲ್ಕಿ ತಾಲ್ಲೂಕಿನ ಮೈಲಾರ ಮಲ್ಲಣ್ಣನ ಜಾತ್ರೆಗೆ ಬಂದವರು ಟೆಂಪೊ, ಕ್ರೂಸರ್‌ಗಳಲ್ಲೇ ರಾತ್ರಿ ಕಳೆಯುತ್ತಾರೆ. ಹುಮನಾಬಾದ್ ಮೂಲಕ ಹಾದುಹೋಗುವ ಹೈದರಾಬಾದ್–ಸೋಲಾಪುರ ಹೆದ್ದಾರಿಯಲ್ಲಿ ಲಾರಿ ಕ್ಯಾಬಿನ್ನೇ ಮನೆ ಮಾಡಿಕೊಂಡ ಚಾಲಕರು, ಕ್ಲೀನರ್‌ಗಳು ಇದ್ದಾರೆ. ಅವರ ಗಾಡಿಗೆ ಯಾರೂ ಕ್ಯಾರವಾನ್ ಎನ್ನುವುದಿಲ್ಲ, ಅಷ್ಟೇ ವ್ಯತ್ಯಾಸ. ಮುಂದೆ ಹೇಳುವ ಅಪಾಯ ಎಲ್ಲರಿಗೂ ಒಂದೇ.

ವಡಕರದಲ್ಲಿ ಆದದ್ದು

2024ರ ಡಿಸೆಂಬರ್‌ನಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಒಂದು ಕ್ಯಾರವಾನ್‌ನೊಳಗೆ ಇಬ್ಬರ ಶವ ಸಿಕ್ಕಿತು. ಒಬ್ಬರು ಅದರ ಚಾಲಕ, ಇನ್ನೊಬ್ಬರು ಜೊತೆಗಿದ್ದ ಸಿಬ್ಬಂದಿ. ಸಾವಿಗೆ ಕಾರ್ಬನ್ ಮೊನಾಕ್ಸೈಡ್ ಕಾರಣ ಎಂದು ಗೊತ್ತಾದ ಮೇಲೆ ಕ್ಯಾಲಿಕಟ್‌ನ ಎನ್‌ಐಟಿ ತಜ್ಞರು ಆ ವಾಹನವನ್ನೇ ಪರೀಕ್ಷಿಸಿದರು. ಎಸಿ ನಡೆಸಲು ಹಾಕಿದ್ದ ಜನರೇಟರ್‌ನ ಹೊಗೆ, ಗಾಡಿಯ ತಳದಲ್ಲಿದ್ದ ರಂಧ್ರದ ಮೂಲಕ ಒಳಗೆ ಬಂದಿತ್ತು.

ಅಂದರೆ ಎಸಿಯಿಂದ ಏನೂ ಸೋರಿರಲಿಲ್ಲ. ಎಸಿಗಾಗಿ ಓಡುತ್ತಿದ್ದ ಎಂಜಿನ್ ಜೀವ ತೆಗೆದಿತ್ತು. ಕಾರಿನಲ್ಲಾದರೆ ಕಾರಿನ ಎಂಜಿನ್, ಕ್ಯಾರವಾನ್‌ನಲ್ಲಾದರೆ ಎಂಜಿನ್ ಅಥವಾ ಜನರೇಟರ್.

ಎಸಿ ಗ್ಯಾಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುವ ಆ ಅನಿಲ ಕಾರಿನಲ್ಲಿ ಇರುವುದೇ ಕೆಲವು ನೂರು ಗ್ರಾಂ. ಅದು ಸೋರಿದರೆ ಮೊದಲು ಆಗುವುದು ತಂಪು ಕಡಿಮೆಯಾಗುವುದು.

ಆಮ್ಲಜನಕದ ಲೆಕ್ಕ ಹಾಕಿ ನೋಡೋಣ. ಟೆಂಪೊ ಟ್ರಾವೆಲರ್ ಅಳತೆಯ ಗಾಡಿಯೊಳಗೆ ಸುಮಾರು 12,000 ಲೀಟರ್ ಗಾಳಿ ಇದೆ ಎಂದುಕೊಳ್ಳಿ. ಅದರಲ್ಲಿ ಶೇ 21ರಷ್ಟು, ಅಂದರೆ ಸುಮಾರು 2,500 ಲೀಟರ್ ಆಮ್ಲಜನಕ. ಮಲಗಿದ ಒಬ್ಬ ವ್ಯಕ್ತಿ ಗಂಟೆಗೆ ಹೆಚ್ಚೆಂದರೆ 15 ಲೀಟರ್ ಬಳಸುತ್ತಾರೆ. ನಾಲ್ವರು 8 ಗಂಟೆ ಮಲಗಿದರೆ 480 ಲೀಟರ್. ಗಾಡಿ ಡಬ್ಬಿಯಂತೆ ಪೂರ್ತಿ ಮುಚ್ಚಿದ್ದರೂ ಬೆಳಿಗ್ಗೆ ಶೇ 17ರಷ್ಟು ಆಮ್ಲಜನಕ ಉಳಿದಿರುತ್ತದೆ. ಉಸಿರು ಬಿಟ್ಟ ಗಾಳಿ ಸೇರಿಕೊಂಡು ತಲೆ ನೋಯಬಹುದು, ಸೆಕೆಯಾಗಬಹುದು. ನಿಜವಾದ ಗಾಡಿಯಲ್ಲಿ ಬಾಗಿಲ ಸಂದು, ತಳದ ತೂತುಗಳಿಂದ ಗಾಳಿ ಆಡುತ್ತಲೇ ಇರುತ್ತದೆ.

ಈಗ ಇದೇ ಗಾಡಿಗೆ ಕಾರ್ಬನ್ ಮೊನಾಕ್ಸೈಡ್ ಲೆಕ್ಕ. ಗಾಳಿಯಲ್ಲಿ ಅದು ಶೇ 0.1ರಷ್ಟಿದ್ದರೂ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಅಪಾಯ. 12,000 ಲೀಟರಿನಲ್ಲಿ ಶೇ 0.1 ಎಂದರೆ 12 ಲೀಟರ್. ಸ್ನಾನದ ಒಂದು ಬಕೆಟ್ ಕೂಡ ತುಂಬದಷ್ಟು ಅನಿಲ.

ಇಷ್ಟು ಕಡಿಮೆ ಅನಿಲ ಇಷ್ಟು ಹಾನಿ ಮಾಡುವುದು ಹೇಗೆ? ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವುದು ಹಿಮೋಗ್ಲೋಬಿನ್. ಕಾರ್ಬನ್ ಮೊನಾಕ್ಸೈಡ್ ಅದಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಬೇಗ ಬಿಡುವುದಿಲ್ಲ. ಎದೆ ತುಂಬ ಉಸಿರು ಎಳೆದರೂ ಮಿದುಳಿಗೆ, ಹೃದಯಕ್ಕೆ ಆಮ್ಲಜನಕ ತಲುಪುವುದಿಲ್ಲ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ, ಕೆಮ್ಮು ಬರಿಸುವುದಿಲ್ಲ. ಉಸಿರು ಕಟ್ಟಿದಂತಾಗಿ ಎಚ್ಚರವಾದರೆ ಹೊರಗೆ ಓಡಬಹುದಿತ್ತು. ಇಲ್ಲಿ ತೂಕಡಿಕೆ ಹೆಚ್ಚಾಗುತ್ತದೆ.

ಗಾಜು ಇಳಿಸಿದರೆ ಸಾಕೇ?

ಸಾಲದು. ಎಂಜಿನ್ ಓಡುತ್ತಿದ್ದರೆ ಹೊರಗಿನ ಹೊಗೆಯೇ ಆ ಸಂದಿನಿಂದ ಒಳಗೆ ಬರಬಹುದು. ಬೀದರ್ ಹಳೆ ಊರಿನಲ್ಲಿ ಚೌಬಾರಾ ಸುತ್ತಲಿನ ಗಲ್ಲಿಗಳನ್ನು ನೆನಪಿಸಿಕೊಳ್ಳಿ. ಎರಡೂ ಕಡೆ ಗೋಡೆ, ಗಾಡಿ ನಿಲ್ಲಿಸಿದರೆ ಪಕ್ಕದಲ್ಲಿ ಒಬ್ಬರು ನಡೆಯುವಷ್ಟೇ ಜಾಗ. ಅಂಥ ಕಡೆ ಸೈಲೆನ್ಸರ್ ಹೊಗೆ ಚದುರದೆ ಗಾಡಿಯ ಸುತ್ತಲೇ ನಿಲ್ಲುತ್ತದೆ. ಬಯಲಲ್ಲಿ ನಿಲ್ಲಿಸಿದರೂ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿದ್ದರೆ ಹೊಗೆ ತಳದಿಂದ ಬರುತ್ತದೆ. ಮೇಲಿನ ಬರ್ತ್‌ನಲ್ಲಿ ಮಲಗಿದವರು ಸುರಕ್ಷಿತ ಎನ್ನುವುದೂ ಸರಿಯಲ್ಲ. ಕಾರ್ಬನ್ ಮೊನಾಕ್ಸೈಡ್‌ನ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ ಇರುವುದರಿಂದ ಅದು ಎಲ್ಲ ಕಡೆ ಬೆರೆಯುತ್ತದೆ. ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್‌ಗಿಂತ ಕಡಿಮೆ ಬಿಡುತ್ತದೆ ನಿಜ, ಕಡಿಮೆ ಎಂದರೆ ಇಲ್ಲ ಎಂದಲ್ಲ.

ಮಾಡಬೇಕಾದ್ದು ಸರಳ: ಮಲಗುವಾಗ ಎಂಜಿನ್ ಮತ್ತು ಜನರೇಟರ್ ಎರಡೂ ಬಂದ್ ಇರಬೇಕು. ಫ್ಯಾನ್ ಅಥವಾ ಎಸಿ ಬೇಕೇ ಬೇಕೆಂದರೆ ಮನೆಯ ಅರ್ಥಿಂಗ್ ಇರುವ ಪ್ಲಗ್‌ನಿಂದ, ಆ ಭಾರ ತಾಳುವ ವೈರ್ ಎಳೆದು ಕರೆಂಟ್ ಕೊಡಬಹುದು. ಇಲ್ಲೊಂದು ಸೂಕ್ಷ್ಮವಿದೆ. ಕರೆಂಟ್ ಹೋದ ಕೂಡಲೇ ತಾನಾಗಿಯೇ ಶುರುವಾಗುವ ಜನರೇಟರ್‌ಗಳಿವೆ. ನಮ್ಮ ಊರುಗಳಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ನಿಮ್ಮ ಗಾಡಿಯಲ್ಲಿ ಆ ವ್ಯವಸ್ಥೆ ಇದೆಯೇ ಎಂದು ಬಾಡಿಗೆಗೆ ಕೊಟ್ಟವರನ್ನು ಮೊದಲೇ ಕೇಳಿ, ಇದ್ದರೆ ರಾತ್ರಿ ಅದನ್ನು ಬಂದ್ ಮಾಡಿಸಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯೇ ಎಂದೂ ಕೇಳಿ. ಹೊಗೆ ಪತ್ತೆ ಮಾಡುವ ಅಲಾರಂ ಈ ಕೆಲಸ ಮಾಡುವುದಿಲ್ಲ.

ಚಳಿಗಾಲದಲ್ಲಿ ಇದೇ ಅನಿಲ ಬೇರೆ ದಾರಿಯಿಂದ ಬರುತ್ತದೆ. ಡಿಸೆಂಬರ್–ಜನವರಿಯಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶದ ಸುದ್ದಿಯಲ್ಲಿ ಬೀದರ್ ಹೆಸರು ಆಗಾಗ ಇರುತ್ತದೆ. ಆಗ ಎಸಿ ಬೇಡ, ಬೆಂಕಿ ಬೇಕು. ಇದ್ದಿಲ ಕೆಂಡವನ್ನು ಗಾಡಿಯೊಳಗೆ ಇಟ್ಟುಕೊಳ್ಳುವುದು, ಗ್ಯಾಸ್ ಒಲೆ ಹಚ್ಚಿ ಬೆಚ್ಚಗೆ ಮಾಡಿಕೊಳ್ಳುವುದು ಶುರುವಾಗುತ್ತದೆ. ಹೊಗೆ ಕಾಣದ ಕೆಂಡ ನಿರಪಾಯ ಎಂದುಕೊಳ್ಳುತ್ತಾರೆ, ಆದರೆ ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಬಿಡುವುದು ಅದೇ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ 8 ಪ್ರವಾಸಿಗರು ರೆಸಾರ್ಟ್ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ, ಬಾಗಿಲು ಮುಚ್ಚಿ ಮಲಗಿದವರು ಮತ್ತೆ ಏಳಲಿಲ್ಲ. ಅವರಲ್ಲಿ ಮಕ್ಕಳೂ ಇದ್ದರು. ಗಾಡಿ ಆ ಕೋಣೆಗಿಂತ ಚಿಕ್ಕದು. ಎರಡು ರಗ್ಗು ಹೆಚ್ಚು ತೆಗೆದುಕೊಂಡು ಹೋಗಿ.

ಹಳೆ ಟೆಂಪೊಗೆ ಹಾಸಿಗೆ, ಸಿಲಿಂಡರ್, ಜನರೇಟರ್ ಕೂರಿಸಿ ಮನೆ ಮಾಡಿಸಿಕೊಳ್ಳುವ ವಿಡಿಯೊಗಳನ್ನೂ ಜನ ಹಂಚುತ್ತಿದ್ದಾರೆ. ತಯಾರಕರ ವಿವರಗಳಿಗೆ ಹೊಂದದಂತೆ ವಾಹನ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. ದಂಡಕ್ಕಿಂತ ನಮಗೆ ಚಿಂತೆ ಆ ತೂತುಗಳದ್ದು. ವೈರ್‌ಗೆ, ನೀರಿನ ಪೈಪಿಗೆ ಎಂದು ತಳದಲ್ಲಿ ಕೊರೆದ ಪ್ರತಿ ತೂತೂ ಹೊಗೆಗೆ ದಾರಿ.

ಯಾರು ಮಲಗುತ್ತಾರೆ ಗಾಡಿಯಲ್ಲಿ?

ವಡಕರದಲ್ಲಿ ಸತ್ತವರು ಪ್ರವಾಸಿಗರಲ್ಲ, ಗಾಡಿಯ ಕೆಲಸದವರು ಎಂಬುದನ್ನು ಮರೆಯಬಾರದು. ಬೀಗರ ಮನೆಯಲ್ಲಿ ಊಟವಾಗಿ ಎಲ್ಲರೂ ಒಳಗೆ ಮಲಗಿದ ಮೇಲೆ ಡ್ರೈವರ್ ಎಲ್ಲಿ ಮಲಗುತ್ತಾರೆ? ಹೆಚ್ಚಿನ ಕಡೆ ಯಾರೂ ಕೇಳುವುದಿಲ್ಲ, ಅವರು ಗಾಡಿಗೇ ಹೋಗುತ್ತಾರೆ. ಏಪ್ರಿಲ್–ಮೇ ತಿಂಗಳಲ್ಲಿ ಬೀದರ್‌ನ ಬಿಸಿಲು 40 ಡಿಗ್ರಿ ದಾಟಿದ ದಿನ, ತಗಡು ಕಾದು ರಾತ್ರಿಯೂ ಆರಿರುವುದಿಲ್ಲ. ಎಂಜಿನ್ ಹಾಕಿ ಎಸಿ ಬಿಟ್ಟುಕೊಳ್ಳದೆ ಅವರು ಏನು ಮಾಡಬೇಕು? ಎಚ್ಚರಿಕೆಯ ಫಾರ್ವರ್ಡ್ ಅವರ ಮೊಬೈಲಿಗೂ ಬಂದಿರುತ್ತದೆ, ಗಾಜನ್ನು ಎರಡು ಬೆರಳು ಇಳಿಸಿಯೇ ಮಲಗಿರುತ್ತಾರೆ. ಪಡಸಾಲೆಯಲ್ಲೋ ಮಾಳಿಗೆಯ ಮೇಲೋ ಅವರಿಗೊಂದು ಹಾಸಿಗೆ ಹಾಕಿಕೊಟ್ಟರೆ ಈ ಪ್ರಶ್ನೆಯೇ ಬರುವುದಿಲ್ಲ.

ತಲೆನೋವು ಬಂದರೆ

ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು ಇದರ ಮೊದಲ ಲಕ್ಷಣಗಳು. ಪ್ರಯಾಣದಲ್ಲಿ ಇವನ್ನು ಗಾಡಿಯ ಸಂಕಟ ಎಂದೋ ದಾರಿಯಲ್ಲಿ ತಿಂದದ್ದು ಆಗಿಬರಲಿಲ್ಲ ಎಂದೋ ತಳ್ಳಿಹಾಕುವುದು ಸುಲಭ. ಗಾಡಿಯಲ್ಲಿದ್ದ ಹಲವರಿಗೆ ಒಟ್ಟಿಗೇ ಹೀಗಾಗಿ, ಹೊರಗೆ ಗಾಳಿಗೆ ಬಂದಾಗ ಕಡಿಮೆಯಾದರೆ ಅನುಮಾನಪಡಬೇಕು. ಗರ್ಭಿಣಿಯರಿಗೆ, ಮಕ್ಕಳಿಗೆ, ಹೃದಯದ ತೊಂದರೆ ಇರುವವರಿಗೆ ಅಪಾಯ ಹೆಚ್ಚು.

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಅನೇಕರ ಮನೆಯಲ್ಲಿದೆ. ದಯವಿಟ್ಟು ಇಲ್ಲಿ ಅದನ್ನು ನಂಬಬೇಡಿ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್‌ಗೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಮತ್ತು ಕಾರ್ಬನ್ ಮೊನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ವ್ಯಕ್ತಿ ಪ್ರಜ್ಞೆ ತಪ್ಪುತ್ತಿದ್ದರೂ ಅದು 98 ತೋರಿಸಬಹುದು.

ಎಲ್ಲ ಬಾಗಿಲು ತೆರೆದು, ಎಂಜಿನ್ ಆರಿಸಿ, ಎಲ್ಲರನ್ನೂ ಹೊರಗೆ ತಂದು 108ಕ್ಕೆ ಕರೆ ಮಾಡಿ. ಬರೀ ಹೊರಗಿನ ಗಾಳಿಯಲ್ಲಿ ರಕ್ತದಲ್ಲಿನ ಈ ಅನಿಲ ಅರ್ಧಕ್ಕೆ ಇಳಿಯಲು 4–5 ಗಂಟೆ ಬೇಕು. ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು–ಒಂದೂವರೆ ಗಂಟೆ ಸಾಕು. ಹಾಗಾಗಿ ಭಾಲ್ಕಿ, ಔರಾದ್‌ನಲ್ಲಿದ್ದರೆ ಸುಮಾರು 40 ಕಿ.ಮೀ. ದೂರದ ಬೀದರ್‌ಗೆ ಸ್ವಂತ ಗಾಡಿಯಲ್ಲಿ ನೇರ ಹೊರಡುವುದಕ್ಕಿಂತ ಮೊದಲು ಅಲ್ಲಿನ ತಾಲ್ಲೂಕು ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿಸಿ. ಬೀದರ್‌ನ ಬ್ರಿಮ್ಸ್‌ಗೆ ಕಳಿಸಬೇಕೇ ಎಂದು ವೈದ್ಯರು ನಿರ್ಧರಿಸುತ್ತಾರೆ. ಮುಚ್ಚಿದ ಗಾಡಿಯಲ್ಲಿ ಎಂಜಿನ್ ಅಥವಾ ಒಲೆ ಉರಿಯುತ್ತಿತ್ತು ಎಂದು ಅವರಿಗೆ ಮೊದಲೇ ಹೇಳಿ. ಅದೇ ಗಾಡಿಯಲ್ಲಿ ಮಲಗಿದ್ದು, ತನಗೇನೂ ಆಗಿಲ್ಲ ಎನ್ನುತ್ತಿರುವವರನ್ನೂ ಕರೆದುಕೊಂಡು ಹೋಗಿ ತೋರಿಸಿ.