ಜೀನ್ ರಿಪೋರ್ಟು ಜಾತಕವಲ್ಲ

ದೊಡ್ಡಪ್ಪನ ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿತ್ತು. ರಿಪೋರ್ಟಲ್ಲಿ ‘ಕೆ-ರಾಸ್ ಮ್ಯುಟೇಶನ್’ ಅಂತ ಕಂಡಿದ್ದೇ ತಡ, ನಮ್ಮ ನೆಂಟರ ಪೈಕಿ ಬಿಇ ಪಂಡಿತರೆಲ್ಲ ಗೂಗಲ್ ಮಾಡಿ, "ಊರಿಗೆ ಕರ್ಕೊಂಡು ಹೋಗ್ಬಿಡಿ" ಅಂದ್ರು. ಜೋಯಿಸರು ಜಾತಕ ನೋಡಿ ಹೀಗಂದಿದ್ರೆ ಇವರೇ ನಗ್ತಿದ್ರು!

ಸ್ವಾಮಿ, ಈ ಮ್ಯುಟೇಶನ್ ಇದ್ದರೆ ಕೀಮೋ ಜೊತೆ ಕೊಡೋ ಸೆಟುಕ್ಸಿಮ್ಯಾಬ್ ಪ್ರಯೋಜನಕ್ಕೆ ಬರಲ್ಲ. ಆ ದುಬಾರಿ ಔಷಧಿಯ ದುಡ್ಡು ಉಳೀತು. ಈ ಕ್ಯಾನ್ಸರ್ ಬಂದ ನೂರರಲ್ಲಿ ಸುಮಾರು 40 ಮಂದಿಗೆ ಇದು ಇರುತ್ತೆ. ಎಲ್ಲರನ್ನೂ ಊರಿಗೆ ಕಳಿಸ್ತೀರಾ? ಆಪರೇಶನ್ ಆದಮೇಲೂ ಇಂಥವರಿಗೆ ಅಪಾಯ ಹೆಚ್ಚು, ಬಿ-ರಾಫ್ ವಿ600ಇ ಇದ್ದರಂತೂ ಇನ್ನೂ ಹೆಚ್ಚು, ನಿಜ. ಆದರೆ ಅದು ಗುಂಪಿನ ಲೆಕ್ಕ. ಗಡ್ಡೆಗಳೆಷ್ಟು, ಕತ್ತರಿಸಿದರೆ ಉಳಿಯೋ ಲಿವರ್ ಎಷ್ಟು ಅಂತ ಸರ್ಜನ್ ನೋಡಲಿ. ಪ್ರಾಬಬಿಲಿಟಿ ಓದಿದ ನಾವೇ ಅದನ್ನ ಹಣೆಬರಹ ಅಂದ್ರೆ ಹೇಗೆ?